ಅರ್ಜಿ ಹಾಕದವಳಿಗೆ ಮಂಜೂರಾದ ಛತ್ರಿ ಅಂಗಡಿ

ವಾರಸುದಾರರಿಲ್ಲದ ಆಸ್ತಿಗೆ ವಾರಸುದಾರರನ್ನು ಹುಡುಕಿಕೊಡುವ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಾನು ಕೇಳದ ಆಸ್ತಿಯೊಂದನ್ನು ತಾವು ನನಗೆ ಮಂಜೂರು ಮಾಡಿದ್ದೀರಿ. ನಾನು ಅರ್ಜಿ ಹಾಕಿರಲಿಲ್ಲ. ತಮ್ಮ ಕಚೇರಿಯ ಉದ್ದ ಬೆಂಚಿನ ಮೇಲೆ ಕೂತು ಕರವಸ್ತ್ರ ಒದ್ದೆ ಮಾಡಿಕೊಂಡಿರಲಿಲ್ಲ. ಆದರೂ ಹೋದ ತಿಂಗಳು ಮೂರು ಮೊಹರು ಒತ್ತಿದ ಲಕೋಟೆಯೊಂದು ಬಂದು, ಛತ್ರಿ ರಿಪೇರಿ ಮಾಡುತ್ತಿದ್ದವರೊಬ್ಬರ ಅಂಗಡಿ, ಅದರ ಮೇಲಿನ ಒಂದು ಕೋಣೆ ಮತ್ತು ಅಂಗಡಿಯೊಳಗಿನ ನೂರಾ ಹದಿನಾಲ್ಕು ಛತ್ರಿಗಳಿಗೆ ನಾನೇ ‘ಅತಿ ಸಮೀಪದ ಜೀವಂತ ಬಂಧು’ ಎಂದು ತಿಳಿಸಿತು. ಜೀವಂತ ಎಂಬುದನ್ನು ಒಪ್ಪುತ್ತೇನೆ. ಸಮೀಪದ ಎಂಬುದಕ್ಕೆ ನನ್ನ ತಕರಾರಿದೆ. ಅಂಥವರೊಬ್ಬರು ಬದುಕಿದ್ದರೆಂಬುದು ನನಗೆ ತಿಳಿದದ್ದೇ ಅವರು ಸತ್ತ ಮೇಲೆ.

ಈ ತಕರಾರನ್ನು ನಾನು ಮೊದಲೇ ಬೀದಿಗೆ ತಂದವಳಲ್ಲ. ತಮಗೆ ಮೂರು ಕಾಗದ ಬರೆದೆ. ಮೂರಕ್ಕೂ ‘ತಮ್ಮ ಪತ್ರ ತಲುಪಿದೆ’ ಎಂಬ ಒಂದೇ ಸಾಲಿನ ಉತ್ತರ ಬಂತು. ತಲುಪಿದ್ದು ನಮ್ಮ ಅಂಚೆಯವನಿಗೂ ಗೊತ್ತಿತ್ತು. ಓದಿದ್ದೀರಾ ಎಂಬುದು ನನ್ನ ಪ್ರಶ್ನೆಯಾಗಿತ್ತು. ಪತ್ರಿಕೆಯಲ್ಲಿ ಅಚ್ಚಾದರೆ ತಾವಲ್ಲದಿದ್ದರೂ ತಮ್ಮ ಮನೆಯವರಾದರೂ ಓದಿ, ಊಟಕ್ಕೆ ಕೂತಾಗ ಕೇಳಿಯಾರು ಎಂಬ ಆಸೆಯಿಂದ ಇದನ್ನು ಎಲ್ಲರ ಎದುರು ಬರೆಯುತ್ತಿದ್ದೇನೆ.

ಮೊದಲು ನನ್ನ ಅಪರಾಧ ಒಪ್ಪಿಕೊಂಡುಬಿಡುತ್ತೇನೆ. ಛತ್ರಿಯವರು ತೀರಿಕೊಂಡು ಆರು ತಿಂಗಳಿಗೆ ತಮ್ಮ ಕಚೇರಿ ಪ್ರಕಟಣೆ ಹೊರಡಿಸಿತಲ್ಲ, ‘ಮೃತರು ಅವಿವಾಹಿತರು, ತಂದೆ ಇಂಥವರು, ಅಜ್ಜ ಇಂಥವರು, ಬಂಧುಗಳಿದ್ದಲ್ಲಿ ಸಂಬಂಧದ ದಾಖಲೆಯೊಂದಿಗೆ ಹಾಜರಾಗಿ’ ಎಂದು, ಅದರ ಮಾರನೆಯ ದಿನದಿಂದ ನಮ್ಮ ಮನೆಯ ಕರೆಗಂಟೆಗೆ ಬಿಡುವಿರಲಿಲ್ಲ. ಕಾರಣ ಇಷ್ಟೇ. ನಮ್ಮ ಬಳಗದಲ್ಲಿ ಯಾರಿಗೆ ಯಾರು ಏನಾಗಬೇಕು ಎಂಬುದಕ್ಕೆ ಒಂದು ದೊಡ್ಡ ಪುಸ್ತಕವಿದೆ, ಅದು ನನ್ನ ಹತ್ತಿರ ಇದೆ. ಐವತ್ತೊಂದು ವರ್ಷದಿಂದ ಬರೆಯುತ್ತಿದ್ದೇನೆ. ಮೂರನೆಯ ತರಗತಿಗೆ ಶಾಲೆ ಬಿಟ್ಟವಳಿಗೆ ಅಕ್ಷರ ಮರೆತುಹೋಗದಿರಲಿ ಎಂದು ಬಂಧುಗಳಿಗೆ ಕಾಗದ ಬರೆಯಲು ಶುರುಮಾಡಿದೆ. ಯಾರಿಗೆ ಬರೆದೆ, ಯಾರು ಬಾಕಿ ಎಂದು ತಿಳಿಯಲು ಪುಸ್ತಕ ಶುರುವಾಯಿತು. ವರ್ಷಕ್ಕೊಮ್ಮೆಯಾದರೂ ಎಲ್ಲರಿಗೂ ಒಂದು ಕಾಗದ ಹೋಗುತ್ತದೆ. ಎಲ್ಲರಿಗೂ ‘ಪ್ರೀತಿಯ’ ಎಂದೇ ಆರಂಭ. ಒಬ್ಬ ನಾದಿನಿಗೆ ಮಾತ್ರ ಇಪ್ಪತ್ತೆರಡು ವರ್ಷದಿಂದ ಬರೀ ‘ನಾದಿನಿಗೆ’ ಎಂದು ಬರೆಯುತ್ತಿದ್ದೆ. ಅದರ ಕಾರಣ ಈ ಪತ್ರದಲ್ಲೇ ಮುಂದೆ ಬರುತ್ತದೆ, ನಾಚಿಕೆಯೊಂದಿಗೆ.

ಬಂದವರು ಬರಿಗೈಯಲ್ಲಿ ಬರಲಿಲ್ಲ. ಬಿಸ್ಕತ್ತು ತಂದರು, ಹಣ್ಣು ತಂದರು, ಹತ್ತು ವರ್ಷ ನನ್ನ ಕಾಗದಕ್ಕೆ ಉತ್ತರ ಬರೆಯದವರು ನನ್ನ ಮಂಡಿನೋವಿನ ಬಗ್ಗೆ ಎರಡೂ ಮಂಡಿಯ ಹೆಸರು ಹಿಡಿದು ವಿಚಾರಿಸಿದರು. ನಾವು ಮೀಸೆ ಭಾವ ಎಂದು ಕರೆಯುವ ಒಬ್ಬರು, ಹಳೆಯ ವಾಹನಗಳನ್ನು ಕೊಡಿಸುವ ದಲ್ಲಾಳಿ, ಕುರ್ಚಿಯಲ್ಲಿ ಕೂರುವ ಮೊದಲೇ ಕರವಸ್ತ್ರ ಹೊರತೆಗೆದು ಮಾತಾಡಿದರು.

“ಅತ್ತಿಗೆ, ಅವರು ಹೋದ್ರು ಅಂತ ಕೇಳಿದಾಗಿಂದ ಊಟ ಸೇರ್ತಿಲ್ಲ.”

“ಯಾರು ಹೋದ್ರು?”

“ಅದೇ, ನಮ್ಮ... ಪೇಪರಿನಲ್ಲಿ ಬಂದವರು.”

“ಅವರ ಹೆಸರೇನು ಭಾವ?”

“ಹೆಸರು ಹಿಡಿದು ಕರೆಯೋ ಅಷ್ಟು ಸಲಿಗೆ ನಂಗೆಲ್ಲಿತ್ತು ಅತ್ತಿಗೆ. ದೊಡ್ಡವರು.” ಎಂದು ಹೇಳಿ ತಮ್ಮ ಮೂಗನ್ನು ಬೆರಳಿನಿಂದ ತೋರಿಸಿದರು. “ಇದನ್ನ ನೋಡಿ. ಬೇರೆ ಸಾಕ್ಷಿ ಬೇಕಾ?”

ಮೂಗಿನ ವಿಷಯ ತಮಗೆ ವಿವರಿಸಬೇಕಾಗಿಲ್ಲ. ವಿಚಾರಣೆಯ ದಿನ ತಾವೇ ಸಾಕಷ್ಟು ನೋಡಿದ್ದೀರಿ. ನಮ್ಮ ಅಜ್ಜನ ಕಡೆಯವರ ಮೂಗು ನಡುವೆ ಒಂದು ಮೆಟ್ಟಿಲು ಇಳಿದು ಮತ್ತೆ ಮುಂದೆ ಹೋಗುತ್ತದೆ. ಕನ್ನಡಕ ಜಾರುವುದಿಲ್ಲ ಎಂಬುದೊಂದೇ ಅದರ ಲಾಭ. ಮೀಸೆ ಭಾವನ ಮೂಗು ನೇರವಾಗಿದೆ. ಅಲ್ಲಿ ತೋರಿಸಲು ಮೀಸೆಯ ಹೊರತು ಬೇರೇನೂ ಇಲ್ಲ. ಆದರೂ ಬಿಸ್ಕತ್ತು ತಿಂದ ಬಾಯಿಗೆ ಇಲ್ಲ ಎನ್ನಲು ಬರಲಿಲ್ಲ. ಪುಸ್ತಕ ತೆರೆದು ಅವರಿಗೂ ಛತ್ರಿಯವರಿಗೂ ಏನು ಸಂಬಂಧ ಎಂದು ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಹೀಗೆ ಒಟ್ಟು ಹದಿನೇಳು ಮಂದಿಗೆ.

ಎಡವಟ್ಟು ಆದದ್ದು ಇಲ್ಲಿ. ನಾನು ಸಂಬಂಧ ಅಳೆಯುವುದು ನನ್ನ ಮನೆಯ ಬಾಗಿಲಿನಿಂದ. ಬೇರೆ ಕಡೆಯಿಂದ ಅಳೆದರೆ ಲೆಕ್ಕ ತಪ್ಪುತ್ತದೆ. ಆದ್ದರಿಂದ ಹದಿನೇಳು ಹಾಳೆಯೂ ಒಂದೇ ರೀತಿ ಶುರುವಾದವು: ‘ಮೃತರು ನನ್ನ ಅಜ್ಜನ ತಮ್ಮನ ಮೊಮ್ಮಗ. ಈ ಪತ್ರ ತಂದವರು ನನ್ನ ಸೋದರತ್ತೆಯ ಗಂಡನ ಅಣ್ಣನ ಮಗ’, ಇಲ್ಲವೇ ‘ನನ್ನ ಚಿಕ್ಕಮ್ಮನ ಓರಗಿತ್ತಿಯ ತಮ್ಮ’, ಹೀಗೆ. ತಾವು ಹದಿನೇಳನ್ನೂ ಮೇಜಿನ ಮೇಲೆ ಹರಡಿಕೊಂಡು, ಹದಿನೇಳರಲ್ಲೂ ಮೃತರಿಗೆ ಎಲ್ಲರಿಗಿಂತ ಹತ್ತಿರದವಳು ಯಾರು ಎಂದು ಹುಡುಕಿದಿರಿ. ಸಿಕ್ಕಿದ್ದು ಪತ್ರ ಬರೆದವಳು. ತಮ್ಮ ಬುದ್ಧಿವಂತಿಕೆಯಲ್ಲಿ ತಪ್ಪಿಲ್ಲ. ಕರೆಯೋಲೆ ಹಂಚಲು ಬಂದವನನ್ನೇ ಹಿಡಿದು ಮದುಮಗನ ಕುರ್ಚಿಯಲ್ಲಿ ಕೂರಿಸಿದ ಹಾಗಾಯಿತು, ಅಷ್ಟೇ.

ಎರಡನೆಯ ತಪ್ಪು ಇನ್ನೂ ದೊಡ್ಡದು. ಐವತ್ತೊಂದು ವರ್ಷ ಎಲ್ಲರಿಗೂ ಕಾಗದ ಬರೆದೆ ಎಂದೆನಲ್ಲ, ಛತ್ರಿಯವರಿಗೆ ಒಂದೂ ಬರೆದಿಲ್ಲ. ಪುಸ್ತಕದಲ್ಲಿ ಅವರಿಗೆ ಸಾಲೇ ಇಲ್ಲ. ಏಕೆಂದರೆ ನಾನು ಹೊಸ ಮನೆ, ಹೊಸ ವಿಳಾಸ ಬರೆದುಕೊಳ್ಳುವುದು ಮದುವೆಯ ಕರೆಯೋಲೆ ನೋಡಿ. ಅವರ ತಂದೆಯ ಮದುವೆಯ ಕರೆಯೋಲೆ ನಮ್ಮ ತಂದೆಗೆ ಬಂದಿತ್ತು, ಅದು ಪುಸ್ತಕದಲ್ಲಿದೆ. ಅದರ ಕೆಳಗೆ ‘ಮುಂದಿನದು ಗೊತ್ತಿಲ್ಲ’ ಎಂದು ನನ್ನದೇ ಕೈಬರಹ. ಮದುವೆಯಾಗದ ಮನುಷ್ಯ ಕರೆಯೋಲೆ ಅಚ್ಚು ಹಾಕಿಸುವುದಿಲ್ಲ. ಅಚ್ಚು ಹಾಕಿಸದವರು ನನ್ನ ಬಳಗದಲ್ಲಿ ಹುಟ್ಟಿಯೇ ಇಲ್ಲ. ಅವರ ಅಂಗಡಿ ನಮ್ಮ ಮನೆಯಿಂದ ಬಸ್ಸಿನಲ್ಲಿ ನಾಲ್ಕನೆಯ ನಿಲ್ದಾಣ.

ಇಷ್ಟೆಲ್ಲ ತಿಳಿದ ಮೇಲೂ, ಮಾನ್ಯರೇ, ಲಕೋಟೆ ಬಂದ ದಿನ ಅರ್ಧ ದಿನ ನನಗೂ ಆಸೆಯಾಯಿತು. ಅದನ್ನು ಮುಚ್ಚಿಟ್ಟು ಬೇರೆಯವರ ಆಸೆಯ ಬಗ್ಗೆ ಬರೆಯುವುದು ಸರಿಯಲ್ಲ. ಮೇಲಿನ ಕೋಣೆಗೆ ಕಿಟಕಿ ಇದ್ದೀತೆ, ನನ್ನ ಕಾಗದದ ಪೆಟ್ಟಿಗೆಗಳು ಹಿಡಿದಾವೆ, ಪರದೆ ಯಾವ ಬಣ್ಣದ್ದು ಹಾಕಲಿ ಎಂದೆಲ್ಲ ಮಧ್ಯಾಹ್ನದ ಊಟದವರೆಗೆ ಯೋಚಿಸಿದೆ. ಹಳದಿ ಎಂದು ತೀರ್ಮಾನಿಸಿ ಬಸ್ಸು ಹತ್ತಿದೆ.

ಅಂಗಡಿ ಎರಡು ಬೀದಿ ಕೂಡುವ ಮೂಲೆಯಲ್ಲಿದೆ. ಅದರ ಮುಂಭಾಗದಲ್ಲಿ, ಬೆಳಕು ಬೀಳುವ ಕಡೆ, ಒಂದು ಹೊಲಿಗೆ ಯಂತ್ರ. ಅದರ ಹಿಂದೆ ಕೊರಳಿಗೆ ಅಳತೆ ಟೇಪು ಹಾಕಿಕೊಂಡ ಐವತ್ತೈದರ ಆಸುಪಾಸಿನ ಹೆಂಗಸು. ತಮ್ಮ ಕಡತದಲ್ಲಿ ಈಕೆ ‘ಅನಧಿಕೃತವಾಗಿ ಜಾಗ ಹಿಡಿದವರು’. ಬೀದಿಯಲ್ಲಿ ಎಲ್ಲರಿಗೂ ಟೈಲರಮ್ಮ. ಇಪ್ಪತ್ತೇಳು ವರ್ಷದಿಂದ ಅರ್ಧ ಅಂಗಡಿ ಅವರದು. ಬಾಡಿಗೆ ಕರಾರು ಎಂಬ ಕಾಗದ ಇಬ್ಬರ ನಡುವೆ ಎಂದೂ ಇರಲಿಲ್ಲ. ಛತ್ರಿಯ ಬಟ್ಟೆ ಹೊಲಿದುಕೊಡುವುದು ಈಕೆ, ಕಡ್ಡಿ ಕೂಡಿಸುವುದು ಅವರು. ಕೊನೆಯ ಎರಡು ವರ್ಷ ಅವರಿಗೆ ಕೈ ನಡುಗುತ್ತಿದ್ದಾಗ ಕಡ್ಡಿ ಕೂಡಿಸಿದ್ದೂ ಈಕೆಯೇ. ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ ಪಕ್ಕದ ಸ್ಟೂಲಿನ ಮೇಲೆ ಕೂತದ್ದೂ ಈಕೆಯೇ. ತಾವು ಈಕೆಗೆ ಕಳಿಸಿದ ಕಾಗದ ಯಂತ್ರದ ಮೇಲೆ ಸೂಜಿಯಿಂದ ಚುಚ್ಚಿ ನೇತುಹಾಕಿತ್ತು: ವಾರಸುದಾರರು ಕಚೇರಿಯಲ್ಲಿರುವ ಅಸಲು ಬೀಗದ ಕೈ ಪಡೆದ ಹದಿನೈದು ದಿನದೊಳಗೆ ಯಂತ್ರ ಸಮೇತ ತೆರವು ಮಾಡತಕ್ಕದ್ದು.

ನಾನು ಯಾರೆಂದು ಹೇಳಿದೆ. ಅವರು ಕತ್ತರಿ ಕೆಳಗಿಟ್ಟರು.

“ಓ, ನೀವೇನಾ. ಕೂತ್ಕೊಳ್ಳಿ. ನಾನು ಮೀಸೆಯವರು ಬರ್ತಾರೆ ಅಂದ್ಕೊಂಡಿದ್ದೆ.”

“ಅವರು ಬಂದಿದ್ರಾ?”

“ಎರಡು ಸಲ. ನನ್ನ ಟೇಪನ್ನೇ ಇಸ್ಕೊಂಡು ಅಂಗಡಿ ಅಳೆದ್ರು. ಅಳೀತಾ ಅಳೀತಾ ಒಂದು ಕಣ್ಣೂ ಒರೆಸ್ಕೊಂಡ್ರು ಪಾಪ. ಟೇಪು ಹಿಡಿದಿದ್ರಲ್ಲ, ಒಂದೇ ಕೈ ಖಾಲಿ ಇತ್ತು.”

“ನೀವು ಎಲ್ಲಿಗೆ ಹೋಗ್ತೀರಿ, ಬಿಡಿಸಿದ್ರೆ?”

“ಅದನ್ನ ನೀವೇ ಹೇಳ್ಬೇಕು ಅಕ್ಕ. ವಾರಸುದಾರರು ನೀವು. ನಾನು ಬರೀ ಇಲ್ಲಿದ್ದವಳು.”

‘ಬರೀ ಇಲ್ಲಿದ್ದವಳು.’ ನಾನು ತಲೆಯೆತ್ತಿ ಮೇಲೆ ನೋಡಿದೆ. ಚಾವಣಿಯ ಉದ್ದಕ್ಕೂ ತಂತಿ ಕಟ್ಟಿ ಛತ್ರಿಗಳನ್ನು ನೇತುಹಾಕಿದ್ದರು. ರಿಪೇರಿಗೆ ಕೊಟ್ಟು ಮತ್ತೆ ಬರದವರ ಛತ್ರಿಗಳು. ಒಂದೊಂದಕ್ಕೂ ದಾರದಲ್ಲಿ ಚೀಟಿ. ಛತ್ರಿಯವರು ಗಿರಾಕಿಗಳ ಹೆಸರು ಕೇಳುತ್ತಿರಲಿಲ್ಲವಂತೆ, ಕಂಡದ್ದನ್ನು ಬರೆದುಕೊಳ್ಳುತ್ತಿದ್ದರಂತೆ. ‘ಸುಮ್ಮನೆ ನಗುವ ಮೇಷ್ಟ್ರು. ಎರಡು ಕಡ್ಡಿ.’ ‘ಜಗಳಗಂಟಿ ನರ್ಸು, ಒಳ್ಳೆಯವಳು. ಸ್ಪ್ರಿಂಗ್.’ ‘ಗಂಡನಿಗೆ ಗೊತ್ತಾಗದಂತೆ ರಿಪೇರಿ ಮಾಡಬೇಕಂತೆ. ಮಾಡಿದೆ.’ ವರ್ಷಕ್ಕೊಮ್ಮೆ ಎಲ್ಲವನ್ನೂ ಬಿಚ್ಚಿ, ಧೂಳು ಒರೆಸಿ, ಸಂದುಗಳಿಗೆ ಎಣ್ಣೆ ಬಿಟ್ಟು ಮತ್ತೆ ಮಡಚಿ ಕಟ್ಟುತ್ತಿದ್ದರಂತೆ. ಮಾರಿಬಿಡಿ, ಯಾರೂ ಬರುವುದಿಲ್ಲ ಎಂದು ಟೈಲರಮ್ಮ ಹೇಳಿದರೆ ಅವರದು ಒಂದೇ ಉತ್ತರ: “ಬರದೇ ಇದ್ದರೆ ನನ್ನದಾಗತ್ತಾ?”

ಮಾನ್ಯರೇ, ಈ ಪ್ರಶ್ನೆಯನ್ನು ದಯವಿಟ್ಟು ತಮ್ಮ ಕಚೇರಿಯ ಗೋಡೆಗೆ ಬರೆಸಿ. ತಮ್ಮ ಇಡೀ ಇಲಾಖೆ ನಿಂತಿರುವುದು ಇದರ ಉತ್ತರದ ಮೇಲೆ. ತನ್ನ ಕೈಯಲ್ಲೇ ಇದ್ದ, ತಾನೇ ಎಣ್ಣೆ ಬಿಟ್ಟ ಛತ್ರಿಯನ್ನು ಇಪ್ಪತ್ತು ವರ್ಷ ಕಳೆದರೂ ತನ್ನದೆನ್ನದ ಮನುಷ್ಯನ ಆಸ್ತಿಯನ್ನು, ಅವರ ಬೀದಿ ಯಾವುದೆಂದು ಬಸ್ ಕಂಡಕ್ಟರನ್ನು ಕೇಳಿಕೊಂಡು ಬಂದವರು ನಮ್ಮದು ಎನ್ನುತ್ತಿದ್ದಾರೆ. ಅವರಲ್ಲಿ ನಾನೂ ಒಬ್ಬಳು. ನಾನೂ ಕಂಡಕ್ಟರನ್ನು ಕೇಳಿದ್ದೆ. ರಕ್ತ ಸಂಬಂಧ ದೊಡ್ಡದು, ಇಲ್ಲ ಎನ್ನುವುದಿಲ್ಲ. ಅದನ್ನೇ ನಂಬಿ ಐವತ್ತೊಂದು ವರ್ಷ ಅಂಚೆ ಇಲಾಖೆಯನ್ನು ಸಾಕಿದ್ದೇನೆ. ಆದರೆ ಮನುಷ್ಯ ಬದುಕಿದ್ದಾಗ ಒಂದು ಸಲವೂ ಹರಿದು ಬರದ ರಕ್ತ, ಸತ್ತ ಮೇಲೆ ಇಷ್ಟು ರಭಸದಿಂದ ತಮ್ಮ ಕಚೇರಿಯ ಮೆಟ್ಟಿಲು ಹತ್ತುವುದು ಹೇಗೆ? ವೈದ್ಯರನ್ನಾದರೂ ಕೇಳಿದ್ದೀರಾ?

ಮನೆಗೆ ಬಂದವಳೇ ಹದಿನೇಳು ಮಂದಿಗೂ ಒಂದೊಂದು ಕಾರ್ಡು ಬರೆದೆ: ‘ಪ್ರೀತಿಯ ಇಂಥವರಿಗೆ, ತೀರಿಕೊಂಡ ನಮ್ಮ ಬಂಧು ಬದುಕಿಗಾಗಿ ಏನು ಮಾಡುತ್ತಿದ್ದರು, ಒಂದು ಸಾಲಿನಲ್ಲಿ ತಿಳಿಸಿ.’ ಅಂಗಡಿ ಎಂದಷ್ಟೇ ಪ್ರಕಟಣೆಯಲ್ಲಿತ್ತು, ಯಾವ ಅಂಗಡಿ ಎಂದಿರಲಿಲ್ಲ. ಹನ್ನೊಂದು ಉತ್ತರ ಬಂದವು. ನಾಲ್ವರ ಪ್ರಕಾರ ಗಡಿಯಾರ ರಿಪೇರಿ, ಇಬ್ಬರ ಪ್ರಕಾರ ಔಷಧಿ ಅಂಗಡಿ, ಒಬ್ಬರ ಪ್ರಕಾರ ಶವಪೆಟ್ಟಿಗೆ ತಯಾರಿಕೆ. ಮೂವರು ‘ಸ್ವಂತ ಉದ್ಯೋಗ’ ಎಂದು ಬುದ್ಧಿವಂತಿಕೆಯಿಂದ ಬರೆದರು. ಅಂಗಡಿಯನ್ನು ಎರಡು ಸಲ ಅಳೆದು ಬಂದ ಮೀಸೆ ಭಾವ ಮಾತ್ರ ಕರಾರುವಾಕ್ಕಾಗಿ ಉತ್ತರಿಸಿದರು: ‘ಹನ್ನೆರಡು ಅಡಿ, ಇಪ್ಪತ್ತೊಂದು ಅಡಿ, ಎರಡು ಕಡೆ ರಸ್ತೆ.’

ಕಾರ್ಡುಗಳನ್ನೆಲ್ಲ ಹಿಡಿದುಕೊಂಡು ತಮ್ಮ ಕಚೇರಿಗೆ ಬಂದೆ. ತಾವು ಸಭೆಯಲ್ಲಿದ್ದಿರಿ. ತಮ್ಮ ಗುಮಾಸ್ತರು, ಕಿವಿಯ ಮೇಲೆ ಪೆನ್ನು ಸಿಕ್ಕಿಸಿಕೊಂಡು ಅದನ್ನೇ ಮೇಜಿನ ತುಂಬ ಹುಡುಕುತ್ತಿದ್ದ ಒಳ್ಳೆಯ ಮನುಷ್ಯ, ಕೂರಲು ಹೇಳಿದರು.

“ನನಗೆ ಈ ಆಸ್ತಿ ಬೇಡ. ಎಲ್ಲಿ ಸಹಿ ಹಾಕಲಿ?”

“ಬೇಡ ಅನ್ನೋಕೆ ನಮೂನೆ ಇಲ್ಲ ಅಜ್ಜಿ. ಇದುವರೆಗೆ ಯಾರೂ ಕೇಳಿಲ್ಲ.”

“ಬಿಳಿ ಹಾಳೆ ಮೇಲೆ ಬರೆದುಕೊಟ್ರೆ?”

“ತಗೋತೀವಿ. ಆಮೇಲೆ ಅರ್ಜಿ ಹಾಕಿದವರ ಸಾಲಿನಲ್ಲಿ ಮುಂದಿನವರಿಗೆ ಹೋಗತ್ತೆ. ಮೀಸೆ ಇರೋ ಯಜಮಾನರು. ದಿನಾ ಬರ್ತಾರೆ, ನಮಗೆಲ್ಲ ತುಂಬ ಬೇಕಾದವರಾಗಿದ್ದಾರೆ.”

“ಸರಿ, ಹಾಗಾದ್ರೆ ನಾನೇ ತಗೊಂಡು ಟೈಲರಮ್ಮನಿಗೆ ಕೊಡ್ತೀನಿ.”

ಅವರು ಖುಷಿಯಾಗಿ ಒಂದು ಪ್ರಮಾಣಪತ್ರ ಮುಂದಿಟ್ಟರು. ಕನ್ನಡಕ ಏರಿಸಿ ಓದಿದೆ. ‘ನಾನು ಮೃತರನ್ನು ಚೆನ್ನಾಗಿ ಬಲ್ಲೆನೆಂದೂ, ಅವರ ಜೀವಿತಕಾಲದಲ್ಲಿ ಅವರೊಂದಿಗೆ ಬಂಧುತ್ವದ ಒಡನಾಟ ಇಟ್ಟುಕೊಂಡಿದ್ದೆನೆಂದೂ ಸತ್ಯವಾಗಿ ಹೇಳುತ್ತೇನೆ.’ ಪೆನ್ನು ಕೆಳಗಿಟ್ಟೆ.

“ಇದಕ್ಕೆ ಸಹಿ ಹಾಕೋಕಾಗಲ್ಲಪ್ಪ. ಸುಳ್ಳು.”

“ಎಲ್ಲರೂ ಹಾಕ್ತಾರೆ ಅಜ್ಜಿ. ಓದೋದು ನೀವೇ ಮೊದಲು.”

“ಉತ್ತರಾನೇ ಕೊಡದೆ ಸುಮ್ಮನೆ ಇದ್ಬಿಟ್ರೆ?”

ಅವರು ನಿಯಮದ ಪುಸ್ತಕ ತಿರುವಿದರು. ಒಂದು ಪುಟದಲ್ಲಿ ನಿಂತು, ಮತ್ತೆ ಓದಿ, ನನ್ನ ಮುಖ ನೋಡಿದರು. “ಗಡುವು ಇಲ್ಲ. ನೀವು ಹೂಂ ಉಹೂಂ ಏನೂ ಅನ್ನೋವರೆಗೆ ಫೈಲು ನಿಮ್ಮ ಹತ್ರಾನೇ ನಿಲ್ಲತ್ತೆ. ಬೀಗದ ಕೈ ಯಾರಿಗೂ ಹೋಗಲ್ಲ.”

ಬೀಗದ ಕೈ ಯಾರಿಗೂ ಹೋಗದಿದ್ದರೆ ಟೈಲರಮ್ಮನ ಹದಿನೈದು ದಿನ ಶುರುವಾಗುವುದೇ ಇಲ್ಲ. ಆದ್ದರಿಂದ, ಮಾನ್ಯರೇ, ನಾನು ಸಾಲಿನ ಮೊದಲಲ್ಲಿ ನಿಂತಿದ್ದೇನೆ, ಮತ್ತು ಕದಲುವುದಿಲ್ಲ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಅಂಚೆ ಕಚೇರಿಯಲ್ಲಿ ಹಿಂದಿನವರಿಂದ ಬೈಸಿಕೊಂಡು ನಿಂತು ನನಗೆ ಒಳ್ಳೆಯ ಅಭ್ಯಾಸವಿದೆ. ಒಂದೇ ತೊಂದರೆ, ನನಗೆ ಎಪ್ಪತ್ತಾರು. ನಾನು ಹೋದ ಮಾರನೆಯ ದಿನ ಸಾಲು ಒಂದು ಹೆಜ್ಜೆ ಮುಂದೆ ಸರಿಯುತ್ತದೆ, ಅಲ್ಲಿ ಮೀಸೆ ಭಾವ ಟೇಪು ಹಿಡಿದು ನಿಂತಿದ್ದಾರೆ. ಒಬ್ಬ ಹೆಂಗಸಿನ ಇಪ್ಪತ್ತೇಳು ವರ್ಷದ ದುಡಿಮೆ ಈಗ ನನ್ನ ರಕ್ತದೊತ್ತಡದ ಮೇಲೆ ನಿಂತಿದೆ. ಇದು ಟೈಲರಮ್ಮನಿಗೂ ಅರ್ಥವಾಗಿದೆ. ಈ ಸುದ್ದಿ ತಿಳಿಸಲು ಮತ್ತೆ ಅಂಗಡಿಗೆ ಹೋದಾಗ ಚಹಾಕ್ಕೆ ಸಕ್ಕರೆ ಹಾಕಲಿಲ್ಲ. ಕೇಳಿದರೆ, “ನೀವು ತುಂಬ ದಿನ ಇರಬೇಕು ಅಕ್ಕ,” ಎಂದರು. ನನ್ನ ಆಯುಸ್ಸಿನ ಬಗ್ಗೆ ಇಷ್ಟು ಪ್ರಾಮಾಣಿಕ ಕಾಳಜಿ ನನ್ನ ಹೊಟ್ಟೆಯಲ್ಲಿ ಹುಟ್ಟಿದವರಿಂದಲೂ ಬಂದದ್ದಿಲ್ಲ.

ಚಹಾ ಕುಡಿಯುತ್ತಿದ್ದಾಗ ಅವರು ನನ್ನನ್ನೇ ಪಕ್ಕದಿಂದ ನೋಡುತ್ತಿದ್ದರು.

“ಕನ್ನಡಕ ತೆಗೀರಿ ಅಕ್ಕ. ಹಾಂ, ಈಗ ಆ ಕಡೆ ತಿರುಗಿ.” ತಿರುಗಿದೆ. “ಇರಿ, ಬಂದೆ.”

ಸ್ಟೂಲು ಹತ್ತಿ ತಂತಿಯ ಕೊನೆಯಲ್ಲಿದ್ದ ಒಂದು ಛತ್ರಿ ಇಳಿಸಿ ನನ್ನ ಮಡಿಲಲ್ಲಿಟ್ಟರು. ನೀಲಿ ಬಟ್ಟೆ, ಬಿಳಿ ಚುಕ್ಕಿ. ಇಪ್ಪತ್ತೆರಡು ವರ್ಷದ ಹಿಂದೆ ಕಳೆದುಹೋದ ನನ್ನ ಛತ್ರಿ. ಅದನ್ನು ನಾದಿನಿ ಎತ್ತಿಕೊಂಡು ಹೋದಳೆಂದು ನಾನು ಅಂದಿನಿಂದ ಅವಳಿಗೆ ‘ಪ್ರೀತಿಯ’ ಎಂದು ಬರೆದಿರಲಿಲ್ಲ. ಈಗ ನೆನಪಾಯಿತು: ಅಪರಿಚಿತ ಬೀದಿ, ಬಸ್ಸಿಗೆ ಅವಸರ, ಹಿಡಿ ಕಿತ್ತುಬಂದಿತ್ತು, ಯಾವುದೋ ಅಂಗಡಿಯಲ್ಲಿ ಕೊಟ್ಟು, ನಾಳೆ ಬರುತ್ತೇನೆ ಎಂದು ಓಡಿದ್ದೆ. ಯಾವ ಅಂಗಡಿ ಎಂಬುದು ಬಸ್ಸಿನಲ್ಲೇ ಮರೆತಿತ್ತು. ಛತ್ರಿ ಕೊಟ್ಟದ್ದೂ ಮನೆ ಸೇರುವಷ್ಟರಲ್ಲಿ ಮರೆತಿತ್ತು. ಎದುರಿಗಿದ್ದ ಮನುಷ್ಯನ ಮುಖವನ್ನಂತೂ ನಾನು ನೋಡಿರಲೇ ಇಲ್ಲ.

ಅವರು ನನ್ನದನ್ನು ನೋಡಿದ್ದರು. ಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿ ಹೀಗಿತ್ತು: ‘ಮೂಗು ನಮ್ಮ ಕಡೆಯದು. ತಂಗಿ ಆಗಬೇಕು. ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ನಾಳೆ ಬರುತ್ತಾಳೆ. ಹಿಡಿ ಗಟ್ಟಿ ಮಾಡಿದೆ.’

ಬಿಚ್ಚಿ ನೋಡಿದೆ. ಎಲ್ಲ ಕಡ್ಡಿಯೂ ನೆಟ್ಟಗೆ ನಿಂತವು, ಎಲ್ಲೂ ಒಂದು ಚೂರು ಧೂಳಿಲ್ಲ.

ಈಗ ನನ್ನ ಬೇಡಿಕೆ. ತಮ್ಮ ಅರ್ಜಿಯ ನಮೂನೆಯಲ್ಲಿ ‘ಮೃತರಿಗೆ ತಾವು ಏನಾಗಬೇಕು’ ಎಂಬ ಪ್ರಶ್ನೆಗೆ ಹನ್ನೆರಡು ಸಾಲು ಜಾಗವಿದೆ. ಅದರ ಕೆಳಗೆ ‘ಮೃತರಿಗೆ ತಾವು ಏನು ಮಾಡಿದಿರಿ’ ಎಂದು ಕೇಳಿ ಒಂದು ಸಾಲು ಬಿಡಿ, ಸಾಕು. ಆ ಹೊಸ ನಮೂನೆಯ ಮೊದಲ ಪ್ರತಿಯನ್ನು ಟೈಲರಮ್ಮನಿಗೆ ಕೊಟ್ಟು, ಬಂಧುಗಳ ಸಾಲಿನಲ್ಲಿ ಅವರನ್ನು ನನಗಿಂತ ಮುಂದೆ ನಿಲ್ಲಿಸಿ ವಿಚಾರಣೆ ಮಾಡಿ. ಅವರ ಪರವಾಗಿ ಸಾಕ್ಷಿ ಹೇಳಲು ನಾನು ಬರುತ್ತೇನೆ, ಮೂಗು ಸಮೇತ. ಬೇಡ ಎನ್ನುವವರಿಗೂ ಒಂದು ನಮೂನೆ ಅಚ್ಚು ಹಾಕಿಸಿ. ಟೈಲರಮ್ಮನ ಕೈಗೆ ಬೀಗದ ಕೈ ಬಂದ ದಿನ ಅದರಲ್ಲಿ ಮೊದಲ ಸಹಿ ನನ್ನದು. ಅಲ್ಲಿಯವರೆಗೆ ನಾನು ಸಕ್ಕರೆ ಬಿಟ್ಟು, ಬೆಳಿಗ್ಗೆ ಎರಡು ಸುತ್ತು ನಡೆದು, ಸಾಯದೆ ಕಾಯುತ್ತೇನೆ. ಎಷ್ಟು ವರ್ಷ ಬೇಕಾದರೂ ತೆಗೆದುಕೊಳ್ಳಿ, ಬೇಗ ಮುಗಿಸಿದರೆ ಉಪಕಾರ.

ನೂರಾ ಹದಿನಾಲ್ಕರಲ್ಲಿ ಒಂದು ಛತ್ರಿಯನ್ನು ನಾನು ಮನೆಗೆ ತಂದಿದ್ದೇನೆ. ತಮ್ಮ ಪಟ್ಟಿಯಲ್ಲಿ ನೂರಾ ಹದಿಮೂರು ಎಂದು ತಿದ್ದಿಕೊಳ್ಳಿ. ಇದರ ಮೇಲಿನ ಹಕ್ಕಿಗೆ ದಾಖಲೆ ಇದೆ, ಅಂಗಡಿಯವರ ಕೈಬರಹದಲ್ಲೇ. ಪುಸ್ತಕದಲ್ಲಿ ‘ಮುಂದಿನದು ಗೊತ್ತಿಲ್ಲ’ ಎಂಬುದನ್ನು ಹೊಡೆದು ‘ಅಣ್ಣ, ಛತ್ರಿ ಅಂಗಡಿ, ನಾಲ್ಕನೆಯ ನಿಲ್ದಾಣ’ ಎಂದು ಬರೆದೆ. ಅದೇ ಪುಟದಲ್ಲಿ ಟೈಲರಮ್ಮನ ವಿಳಾಸವನ್ನೂ ಬರೆದೆ, ಕರೆಯೋಲೆ ಇಲ್ಲದೆಯೇ. ನಾದಿನಿಗೆ ಇವತ್ತು ಬೆಳಿಗ್ಗೆ ಕಾಗದ ಹಾಕಿದ್ದೇನೆ. ‘ಪ್ರೀತಿಯ’ ಎಂದು ಎರಡು ಸಲ ಬರೆದಿದ್ದೇನೆ, ಕಾರಣ ಬರೆದಿಲ್ಲ. ಅವಳು ಈ ಪತ್ರಿಕೆ ತರಿಸುವುದಿಲ್ಲ, ತಾವೂ ಹೇಳಬೇಡಿ.

ಇಂತಿ,
ನಾಳೆ ಬರುತ್ತೇನೆಂದು ಹೇಳಿ ಇಪ್ಪತ್ತೆರಡು ವರ್ಷ ತಡವಾಗಿ ಬಂದ,
ಒಂದು ನೀಲಿ ಛತ್ರಿಗೆ ಮಾತ್ರ ವಾರಸುದಾರಳಾದ
ತಂಗಿ